ಕಿಟಕಿ ಪಕ್ಕದ ಕುರ್ಚಿ

ಜ್ವರ ಬಂದು ಮಲಗಿದ್ದರೆ ಬೀದಿಯವರು ಬ್ರೆಡ್ಡು, ಹಣ್ಣು ಹಿಡಿದು ನೋಡಲು ಬರುತ್ತಿದ್ದರು. ಕಾಲು ಮುರಿದಿದ್ದರೆ ಎಲ್ಲಿ ಬಿದ್ದೆ, ಹೇಗೆ ಬಿದ್ದೆ ಎಂದು ತಲೆ ತಿನ್ನುತ್ತಿದ್ದರು. ನನಗೆ ಬಂದದ್ದು ಖಿನ್ನತೆ. ಹಾಸಿಗೆಯಿಂದ ಏಳಲಾಗದೆ, ಮುಖ ತೊಳೆಯುವುದೂ ಬೆಟ್ಟ ಹತ್ತಿದಷ್ಟು ಕಷ್ಟವಾಗಿ, ಕಡೆಗೆ ಅತ್ತಿಗೆಯೇ ಕೈಹಿಡಿದು ಮನೋವೈದ್ಯರ ಬಳಿ ಕರೆದುಕೊಂಡು ಹೋದರು. ಔಷಧಿ ನಾಟಿತು, ಅಂತೂ ಎದ್ದು ಕೂತೆ. ಬೀದಿಯವರ ಬಾಯಲ್ಲಿ ಮಾತ್ರ ಅದು ‘ತಲೆ ಕೆಟ್ಟಿದೆಯಂತೆ’ ಎಂದಾಯಿತು. ಕೆಟ್ಟದ್ದು ಯಾರ ತಲೆಯೋ, ಭಗವಂತನೇ ಬಲ್ಲ!

ನಮ್ಮದು ಅಣ್ಣತಮ್ಮಂದಿರ ಕಟಿಂಗ್ ಶಾಪು. ಎರಡೇ ಕುರ್ಚಿ. ಒಳಗಿನದು ಅಣ್ಣನದು, ಕಿಟಕಿ ಪಕ್ಕದ್ದು ನನ್ನದು. ಕೆಲಸಕ್ಕೆ ವಾಪಸು ಬಂದ ದಿನ ಡ್ರಾಯರು ಎಳೆದರೆ ಬಾಚಣಿಗೆ, ಬ್ರಷ್ಷು, ಪೌಡರ್ ಡಬ್ಬಿ ಎಲ್ಲ ಇದ್ದವು. ಕತ್ತಿ, ಕತ್ತರಿ ಮಾತ್ರ ನಾಪತ್ತೆ. ಅಣ್ಣ ಅವನ್ನು ತನ್ನ ಡ್ರಾಯರಿಗೆ ಹಾಕಿ ಬೀಗ ಜಡಿದಿದ್ದ.

“ಅಣ್ಣಾ, ನನ್ನ ಕತ್ತಿ ಕೊಡು.”

“ಮೊದ್ಲು ಸ್ವಲ್ಪ ಸುಧಾರಿಸ್ಕೋ. ಟವೆಲ್ ಮಡಚು, ಸೋಪು ಹಚ್ಚು.”

ಸೋಪು ಹಚ್ಚಲೂ ಯಾರೂ ಬಿಡಲಿಲ್ಲ. ಗಿರಾಕಿಗಳು ಬೆಂಚಿನ ಮೇಲೆ ಒತ್ತಿಕೊಂಡು ಕೂತು ಅಣ್ಣನ ಕುರ್ಚಿಗೇ ಕಾಯುತ್ತಿದ್ದರು. ನಾನು ಮಡಚಿದ ಟವೆಲನ್ನೇ ಮತ್ತೆ ಮಡಚುತ್ತಿದ್ದೆ. ಹೀಗಿರುವಾಗ ಅಣ್ಣ, ನನ್ನ ಕುರ್ಚಿಗೆ ಬೇರೆ ಕೆಲಸಗಾರನನ್ನು ಕರೆಯುವ ಮಾತೆತ್ತಿದ. ನನ್ನ ಜೀವ ಬಾಯಿಗೆ ಬಂತು. ಆ ಕುರ್ಚಿ ಹೋದರೆ ನಾನು ಮತ್ತೆ ಹಾಸಿಗೆ ಸೇರುವುದು ಖಂಡಿತ ಎಂದು ನನಗೆ ಗೊತ್ತಿತ್ತು.

ಮರುದಿನ ಬೆಂಚಿನ ಮೇಲೆ ಮೀಸೆ ಮೇಷ್ಟ್ರು ಇದ್ದರು. ಅವರ ಮೀಸೆ ಬೀದಿಗೇ ಹೆಸರುವಾಸಿ; ಅದನ್ನು ತಿದ್ದುತ್ತಿದ್ದವನು ನಾನು. ಅಣ್ಣನ ಕೈ ಕೂದಲಿಗೆ ಚೆನ್ನ, ಮೀಸೆಗೆ ಬರದು. ನಾನಿಲ್ಲದಾಗ ಅವನು ತಿದ್ದಿ ತಿದ್ದಿ, ಎಡಗಡೆ ಮೇಲೇರಿ ಬಲಗಡೆ ಜೋತುಬಿದ್ದಿತ್ತು.

“ಬನ್ನಿ ಮೇಷ್ಟ್ರೇ, ಸರಿ ಮಾಡ್ತೀನಿ” ಎಂದೆ.

ಮೇಷ್ಟ್ರು ಕುತ್ತಿಗೆ ಮುಟ್ಟಿಕೊಂಡರು. “ಬೇಡಪ್ಪ, ಅಣ್ಣನೇ ಮಾಡ್ಲಿ. ನೀನು ಮನಸ್ಸು ಗಟ್ಟಿ ಮಾಡ್ಕೋ, ಎಲ್ಲ ಸರಿಹೋಗುತ್ತೆ.”

“ಮನಸ್ಸು ಗಟ್ಟಿ ಮಾಡ್ಕೊಂಡ್ರೆ ನಿಮ್ಮ ಮೀಸೆ ಸಮ ಆಗುತ್ತಾ ಮೇಷ್ಟ್ರೇ?”

ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. “ಬಾಯ್ಮುಚ್ಚೋ!” ಎಂದು ಅಣ್ಣ ಗದರಿದ. ಊಟದ ಡಬ್ಬಿ ತಂದಿದ್ದ ಅತ್ತಿಗೆ ಬಾಗಿಲಲ್ಲೇ ನಿಂತು ಇದನ್ನೆಲ್ಲ ಕೇಳಿಸಿಕೊಂಡಿದ್ದರು. ಡಬ್ಬಿಯನ್ನು ಕನ್ನಡಿ ಮುಂದೆ ಕುಕ್ಕಿದರು.

“ಅವನನ್ನ ಯಾಕ್ರೀ ಗದರ್ತೀರಿ? ನೀವೇ ಕೂರದ ಕುರ್ಚಿಲಿ ಬೀದಿಯೋರು ಯಾಕೆ ಕೂರ್ತಾರೆ? ನಿಮ್ಮ ಗಡ್ಡ ನೋಡ್ಕೊಳ್ಳಿ, ಕರಡಿ ಥರ ಇದೀರಿ.”

ಅಣ್ಣನ ಗಡ್ಡ ಹೆರೆಯುತ್ತಿದ್ದವನೂ ನಾನೇ. ಅವನು ಕನ್ನಡಿ ನೋಡಿದ, ನನ್ನನ್ನು ನೋಡಿದ. ಬೀಗ ತೆಗೆದು ಕತ್ತಿಯನ್ನು ನನ್ನ ಕೈಗಿಟ್ಟ. ಆಮೇಲೆ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು ತಲೆಯನ್ನು ಹಿಂದಕ್ಕೆ ಒರಗಿಸಿದ.

ನೊರೆ ಬರಿಸಿ ಹಚ್ಚಿದೆ, ಚರ್ಮ ಎಳೆದು ಹಿಡಿದೆ, ಕಿವಿಯ ಬುಡದಿಂದ ಕತ್ತಿ ಇಳಿಸಿದೆ. ಕೈ ಏನನ್ನೂ ಮರೆತಿರಲಿಲ್ಲ. ಅಬ್ಬಾ, ಎಷ್ಟು ಹಾಯೆನಿಸಿತು!

ಗಂಟಲ ಹತ್ತಿರ ಬಂದಾಗ ಅಣ್ಣ ನನಗಷ್ಟೇ ಕೇಳುವಂತೆ ಹೇಳಿದ: “ನಾನು ಬೀಗ ಹಾಕಿದ್ದು ಗಿರಾಕಿಗಳ ಕುತ್ತಿಗೆಗೆ ಹೆದರಿ ಅಲ್ಲ ಕಣೋ.”

ಕತ್ತಿ ಕೈಗೆ ಸಿಕ್ಕರೆ ನಾನು ನನಗೇ ಏನಾದರೂ ಮಾಡಿಕೊಂಡೇನು ಎಂದು ಹೆದರಿದ್ದನಂತೆ. ನಾನೋ, ಇಷ್ಟು ದಿನ ಅವನ ಮೇಲೆ ಹಲ್ಲು ಕಡಿಯುತ್ತಿದ್ದೆ! ಕಣ್ಣು ಮಂಜಾಯಿತು. ಕತ್ತಿಯನ್ನು ದೂರ ಹಿಡಿದು, ತೋಳಿನಿಂದ ಒರೆಸಿಕೊಂಡೆ.

“ನಾನೆಲ್ಲೂ ಹೋಗಲ್ಲ ಅಣ್ಣಾ. ಅಷ್ಟನ್ನ ಬಾಯಿಬಿಟ್ಟು ಕೇಳೋಕೆ ನಿಂಗೇನಾಗಿತ್ತು?”

ಉತ್ತರವಾಗಿ ಬಂದದ್ದು ಗೊರಕೆ. ಕತ್ತಿಯ ಕೆಳಗೆ ಕತ್ತು ಚಾಚಿಕೊಂಡೇ ನನ್ನಣ್ಣ ನಿದ್ದೆಹೋಗಿದ್ದ.

ಅತ್ತಿಗೆ ನಗುತ್ತಲೇ ಕಣ್ಣೊರೆಸಿಕೊಂಡರು. “ಎಬ್ಬಿಸ್ಬೇಡ. ನೀನು ಮಲಗಿದ್ದಷ್ಟು ದಿನ ಅವರು ಕಣ್ಣು ಮುಚ್ಚಿಲ್ಲ.”

ಮೀಸೆ ಮೇಷ್ಟ್ರು ಮೆಲ್ಲಗೆ ಎದ್ದು ಬಂದು ಅಣ್ಣನ ಖಾಲಿ ಕುರ್ಚಿಯಲ್ಲಿ ಕೂತರು. “ಇಲ್ಲೇ ಮಾಡಿಬಿಡಪ್ಪ, ನೀನೇ ಮಾಡು.”

“ಅದು ಅಣ್ಣನ ಕುರ್ಚಿ ಮೇಷ್ಟ್ರೇ. ನನ್ನ ಕುರ್ಚಿ ಖಾಲಿ ಇಲ್ಲ, ಕಾಯ್ಬೇಕು” ಎಂದೆ.

ಅಣ್ಣ ತಾನಾಗಿ ಏಳುವವರೆಗೂ ನಾನು ಎಬ್ಬಿಸಲಿಲ್ಲ. ಮೇಷ್ಟ್ರು ಮತ್ತೆ ಬೆಂಚಿನ ಮೇಲೆ ಕೂತು ಕಾದರು.