ನಲವತ್ತೈದು ರೀಡಿಂಗ್

ಬೆಳಗಿನ ಆರಕ್ಕೆ ಮೋಟಾರು ಚಾಲೂ ಮಾಡಿ ಬಂದ ದಾವಲಬಿ ಮನೆಯ ಕಟ್ಟೆಯ ಮೇಲೆ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಫೋನು ಮಗ್ಗುಲಲ್ಲೇ ಇತ್ತು. ಏಳೂವರೆ ಆಯಿತು, ಎಂಟಾಯಿತು, ಫೋನು ಸದ್ದು ಮಾಡಲಿಲ್ಲ. ವೋಲ್ಟೇಜು ಕಡಿಮೆ ಇರಬೇಕು, ಟಾಕಿ ತುಂಬಲು ಹೊತ್ತಾಗುತ್ತಿದೆ ಎಂದುಕೊಂಡು ಅವಳು ಮೊರಕ್ಕೆ ಇನ್ನಷ್ಟು ಜೋಳ ಸುರಿದುಕೊಂಡಳು.

ಬೇರೆ ದಿನವಾಗಿದ್ದರೆ ಇಷ್ಟು ಹೊತ್ತಿಗೆ ಅವಳು ನೀರಿನ ಟಾಕಿಯ ನೆತ್ತಿಯ ಮೇಲಿರುತ್ತಿದ್ದಳು. ಇಂಗಳೇಶ್ವರದ ಆಚೆಗಿನ ಹುಣಸಿಬಾವಿ ಎಂಬ ಸಣ್ಣ ಊರಿಗೆ ನೀರು ಬಿಡುವವಳು ಅವಳೇ. ಗಂಡ ಶಮಶುದ್ದೀನ ತೀರಿಕೊಂಡ ಮೇಲೆ ಪಂಚಾಯಿತಿಯವರು ಆ ಕೆಲಸವನ್ನೂ ಪಂಪ್‌ಹೌಸಿನ ಕೀಲಿಕೈಯನ್ನೂ ಅವಳಿಗೆ ಕೊಟ್ಟು ಹನ್ನೊಂದು ವರ್ಷವಾಗಿತ್ತು. ಪಂಪ್‌ಹೌಸು ಊರ ಕೆಳಗಿನ ಬಾವಿಯ ಹತ್ತಿರ, ಟಾಕಿ ಊರ ಮೇಲಿನ ದಿನ್ನೆಯಲ್ಲಿ. ದಿನವೂ ದಿನ್ನೆ ಹತ್ತಿ, ಐವತ್ತೆರಡು ಮೆಟ್ಟಿಲಿನ ಕಬ್ಬಿಣದ ಏಣಿ ಏರಿ, ಒಳಗೆ ಇಣುಕಿ, ತುಂಬಿದ್ದರೆ ಇಳಿದು ಓಡಿ ಬಂದು ಮೋಟಾರು ಬಂದ್ ಮಾಡಬೇಕು. ಮೊಣಕಾಲು ಎಂದೋ ಕೈಕೊಟ್ಟಿದ್ದವು. ಆದರೂ ದಾವಲಬಿಯಿಂದಾಗಿ ಊರಿಗೆ ನೀರು ತಪ್ಪಿತು ಎನ್ನುವ ಮಾತು ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಬಂದಿರಲಿಲ್ಲ. ಆ ಹೆಸರನ್ನು ಅವಳು ಜೋಪಾನವಾಗಿ ಕಾಯ್ದುಕೊಂಡು ಬಂದಿದ್ದಳು.

ಟಾಕಿ ಏರುವ ತ್ರಾಸು ಹಿಂದಿನ ದಿನವಷ್ಟೇ ಮುಗಿದಿತ್ತು, ಅಥವಾ ಮುಗಿಯಿತೆಂದು ಅವಳು ನಂಬಿದ್ದಳು. ತಂಗಿಯ ಮಗಳು ಅಲ್ಮಾಸ ವಿಜಯಪುರದಲ್ಲಿ ಎಂಜಿನಿಯರಿಂಗಿನ ಕೊನೆಯ ವರ್ಷ ಓದುತ್ತಿದ್ದಳು. ಕೊನೆಯ ವರ್ಷದವರು ಏನಾದರೊಂದು ಪ್ರಾಜೆಕ್ಟು ಮಾಡಲೇಬೇಕು. ಅಲ್ಮಾಸ ಖಾಲಾಳ, ಎಂದರೆ ತನ್ನ ದೊಡ್ಡಮ್ಮನ, ಮೊಣಕಾಲು ನೆನೆದು, ಟಾಕಿ ತುಂಬಿದ ಕೂಡಲೇ ತಾನಾಗಿ ಫೋನು ಮಾಡುವ ಒಂದು ಪೆಟ್ಟಿಗೆ ಮಾಡಿದ್ದಳು. ಅದರಲ್ಲಿ ನೀರಿನ ಮಟ್ಟ ಅಳೆಯುವ ಸೆನ್ಸರು, ಫೋನು ಹಚ್ಚಲು ಒಂದು ಸಿಮ್ಮು. ತಂಡದಲ್ಲಿ ನಾಲ್ವರು. ಇಬ್ಬರು ಗ್ರೂಪ್ ಫೋಟೊಕ್ಕೆ ಮಾತ್ರ ಸಿಗುವವರು. ಇಂಥವರಿಲ್ಲದ ತಂಡ ಇಡೀ ಕಾಲೇಜಿನಲ್ಲಿ ಹುಡುಕಿದರೂ ಸಿಗಲಿಕ್ಕಿಲ್ಲ. ದುಡಿದವರು ಅಲ್ಮಾಸ ಮತ್ತು ಸಿಂದಗಿಯ ಕಲ್ಮೇಶ.

ನಿನ್ನೆ ಅವರ ಗೈಡ್ ಸಂಜೀವಕುಮಾರ ಸರ್ ನೋಡಲು ಬಂದಿದ್ದರು. ಪಂಚಾಯಿತಿಯವರೂ ಬಂದು ಕುರ್ಚಿ ಹಾಕಿಸಿಕೊಂಡು ಕೂತರು. ವೈರು ಸಡಿಲವಾದರೆ ನೋಡಿಕೊಳ್ಳುತ್ತೇನೆ ಎಂದು ಕಲ್ಮೇಶ ಟಾಕಿಯ ಮೇಲೆಯೇ ಉಳಿದ. ಒಂದೂವರೆ ತಾಸಿಗೆ ದಾವಲಬಿಯ ಕೈಯಲ್ಲಿದ್ದ ಫೋನು ಸದ್ದು ಮಾಡಿತು. ಹೋಗಿ ನೋಡಿದರೆ ಟಾಕಿ ತುಂಬಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು. ಪಂಚಾಯಿತಿಯ ಬಿಲ್ ಕಲೆಕ್ಟರು ಆ ನಂಬರಿಗೆ ಟಾಕಿಯ ಚಿತ್ರ ಇಟ್ಟು ಅವಳ ಫೋನಿನಲ್ಲಿ ಸೇವ್ ಮಾಡಿಕೊಟ್ಟ.

"ಇನ್ನ ಮ್ಯಾಲೆ ನೀ ಏರಬ್ಯಾಡ ಖಾಲಾ," ಎಂದಿದ್ದಳು ಅಲ್ಮಾಸ. "ಟಾಕಿನೇ ನಿನ್ನ ಕರೀತೈತಿ."

ಹಾಗಾಗಿ ದಾವಲಬಿ ಕೂತೇ ಇದ್ದಳು. ಒಂಬತ್ತು ದಾಟಿದ ಮೇಲೆ ಕುರಿ ಹೊಡೆದುಕೊಂಡು ಹೋಗುತ್ತಿದ್ದವನೊಬ್ಬ ದಿನ್ನೆಯಿಂದ ಕೂಗುತ್ತ ಇಳಿದು ಬಂದ. ಟಾಕಿ ತುಂಬಿ ಎಷ್ಟೋ ಹೊತ್ತಾಗಿ ನೀರು ಗಟಾರಕ್ಕೆ ಹರಿಯುತ್ತಿತ್ತು. ಅವಳು ಪಂಪ್‌ಹೌಸಿಗೆ ಹೋಗುವಷ್ಟರಲ್ಲಿ ಬಾವಿಯ ತಳ ಕಾಣುತ್ತಿತ್ತು. ನೀರಿಲ್ಲದೆ ತಿರುಗಿದ ಮೋಟಾರು ಸುಟ್ಟ ವಾಸನೆ ಬಿಟ್ಟು ನಿಂತುಹೋಗಿತ್ತು. ಮೇ ತಿಂಗಳ ಬಿಸಿಲು. ಟಾಕಿಯಲ್ಲಿದ್ದ ನೀರು ಒಂದೇ ದಿನಕ್ಕೆ ತೀರಿತು, ಆಮೇಲೆ ಹೆಂಗಸರು ಕೊಡ ಹೊತ್ತು ದೂರದ ಹೊಲದ ಬಾವಿಗೆ ನಡೆದರು. ಹೋಗುವಾಗ ಒಂದು ಮಾತು, ಬರುವಾಗ ಒಂದು ಮಾತು ದಾವಲಬಿಯ ಬಾಗಿಲಿಗೆ ಎಸೆದೇ ಹೋದರು. ಪಂಚಾಯಿತಿಯವರು ಕೀಲಿಕೈ ಇಸಿದುಕೊಂಡರು. ಕೆಲಸದಲ್ಲಿ ಇಟ್ಟುಕೊಳ್ಳಬೇಕೋ ಬಿಡಬೇಕೋ ಸೋಮವಾರದ ಸಭೆಯಲ್ಲಿ ತೀರ್ಮಾನ ಎಂದರು.

ಸುದ್ದಿ ತಿಳಿದು ಅಲ್ಮಾಸ ಶನಿವಾರ ಬಂದಳು. ಬಸವನ ಬಾಗೇವಾಡಿಯಲ್ಲಿ ಬಸ್ಸು ಬದಲಿಸುವಾಗಲೂ ಅವಳ ತಲೆಯಲ್ಲಿ ಒಂದೇ ಲೆಕ್ಕ: ತಪ್ಪು ಸೆನ್ಸರಿನದೋ, ತಾನು ಬರೆದ ಪ್ರೋಗ್ರಾಮಿನದೋ? ದಾವಲಬಿ ಅವಳನ್ನು ಬೈಯಲಿಲ್ಲ. ಚಹಾ ಮಾಡಿಕೊಟ್ಟು ಎದುರಿಗೆ ಕೂತಳು.

"ಒಂದು ಮಾತು ತಿಳೀವಲ್ದವಾ ನನಗ. ಭಾಳ ಹೊತ್ತಾತಂತ ಅವತ್ತ ನಾನೇ ಟಾಕಿಗೆ ಫೋನ್ ಹಚ್ಚಿದೆ. ಯಾರೋ ಒಬ್ಬ ಹುಡುಗ ಎತ್ತಿದ. ಟಾಕಿ ತುಂಬೈತೇನಪಾ ಅಂದೆ. ರಾಂಗ್ ನಂಬರ್ ಅಂದು ಇಟ್ಟುಬಿಟ್ಟ. ನಾನೇ ಏನೋ ತಪ್ಪ ಒತ್ತೇನಂತ ಮತ್ತ ಕುಂತೆ."

ಅಲ್ಮಾಸ ಚಹಾದ ಕಪ್ಪನ್ನು ಕೆಳಗಿಟ್ಟಳು. ಆ ನಂಬರು ಪ್ರಾಜೆಕ್ಟಿನ ಸಿಮ್ಮಿನದು, ಸಿಮ್ಮು ಇರಬೇಕಾದದ್ದು ಪೆಟ್ಟಿಗೆಯಲ್ಲಿ. ಪೆಟ್ಟಿಗೆಗೆ ಮಾತು ಬರುವುದಿಲ್ಲ.

ಅವಳು ಒಬ್ಬಳೇ ಹೋಗಿ ಏಣಿ ಏರಿದಳು. ಪೆಟ್ಟಿಗೆಯ ಹಸಿರು ದೀಪ ಉರಿಯುತ್ತಲೇ ಇತ್ತು. ಮುಚ್ಚಳ ಬಿಚ್ಚಿ ನೋಡಿದರೆ ಸಿಮ್ಮಿನ ಜಾಗ ಖಾಲಿ. ಟಾಕಿ ಯಾರಿಗೂ ಫೋನು ಮಾಡಿರಲಿಲ್ಲ. ಚಪ್ಪಾಳೆ ಬಿದ್ದ ಆ ಗಳಿಗೆಯಲ್ಲೂ ಮಾಡಿರಲಿಲ್ಲ. ಮೇಲೆ ಕೂತ ಕಲ್ಮೇಶ ಸಿಮ್ಮನ್ನು ತನ್ನ ಫೋನಿಗೆ ಹಾಕಿಕೊಂಡು, ಟಾಕಿ ತುಂಬಿದ್ದನ್ನು ಕಣ್ಣಾರೆ ನೋಡಿ, ತಾನೇ ಕರೆ ಮಾಡಿದ್ದ. ಕೆಳಗೆ ತಾನು ಹುಚ್ಚಿಯಂತೆ ಎಲ್ಲರ ಕೈಕುಲುಕುತ್ತ ಓಡಾಡಿದ್ದು ನೆನಪಾಗಿ ಅಲ್ಮಾಸಳಿಗೆ ಮೈ ಉರಿಯಿತು. ನಾಲ್ಕು ವರ್ಷ ಒಂದೇ ಬೆಂಚಿನ ಗೆಳೆಯ ಎಂದು ನಂಬಿದ್ದವನು ತನ್ನನ್ನೂ ಆ ಸಭಿಕರ ಸಾಲಿನಲ್ಲೇ ಕೂರಿಸಿದ್ದ.

ಇಳಿದು ಬಂದು ಎಲ್ಲವನ್ನೂ ಹೇಳಿದಳು. ದಾವಲಬಿ ಕೇಳಿದಳು.

"ಸೋಮವಾರ ಇದನ್ನ ಸಭಾದಾಗ ಹೇಳಿದ್ರ ನಿನ್ನ ಓದಿಗೆ ತ್ರಾಸ ಆಗತೈತೇನು?"

ಬರುವ ಶುಕ್ರವಾರವೇ ಅಲ್ಮಾಸಳ ವೈವಾ, ಪ್ರಾಜೆಕ್ಟಿನ ಮೌಖಿಕ ಪರೀಕ್ಷೆ. ಪಾಸಾದರೆ ಜುಲೈಯಲ್ಲಿ ಸೇರಲು ಕೆಲಸದ ಪತ್ರ ಕೈಯಲ್ಲೇ ಇತ್ತು.

ಭಾನುವಾರ ಅವಳು ಸಿಂದಗಿಗೆ ಹೋದಳು. ಬಸ್ ಸ್ಟ್ಯಾಂಡಿನ ಹಿಂದೆ ಕಲ್ಮೇಶನ ಅಪ್ಪನದು ಮೋಟಾರು ವೈಂಡಿಂಗ್ ಅಂಗಡಿ. ಕಲ್ಮೇಶ ಒಬ್ಬನೇ ಕೂತು ತಾಮ್ರದ ತಂತಿ ಸುತ್ತುತ್ತಿದ್ದ. ಅವಳನ್ನು ನೋಡಿದವನೇ ಏನೂ ಕೇಳದೆ ಫೋನಿನಿಂದ ಸಿಮ್ಮು ತೆಗೆದು ಟೇಬಲ್ಲಿನ ಮೇಲಿಟ್ಟ.

"ಸೆನ್ಸರ್ ಆವಿಗೆ ಕೆಟ್ಟಿತ್ತು," ಎಂದ. "ಖಾಲಿ ಟಾಕಿಗೆ ತುಂಬೈತಿ ಅಂತಿತ್ತು, ತುಂಬಿದ್ದಕ್ಕ ಸುಮ್ನಿರ್ತಿತ್ತು. ಕೆಳಗ ಸರ್ ಕುಂತಾರ, ಪಂಚಾಯ್ತಿಯವ್ರು ಕುಂತಾರ. ನಾ ಏನ್ ಮಾಡಬೇಕಿತ್ತು?"

"ಇಳದು ಬಂದು ಹೇಳಬೇಕಿತ್ತು."

"ಹೇಳಿದ್ರ ಅವತ್ತೇ ಪ್ರಾಜೆಕ್ಟ್ ಮುಗೀತಿತ್ತು. ವೈವಾ ಆದಮ್ಯಾಲೆ ಚಲೋ ಸೆನ್ಸರ್ ತಂದು ಕುಂಡ್ರಿಸಿದ್ರಾತು ಅನ್ಕೊಂಡೆ. ಮರುದಿನಾನೇ ಅವ್ರು ಏರೂದು ಬಿಡ್ತಾರಂತ ನನಗ ಹ್ಯಾಂಗ ಗೊತ್ತಾಗಬೇಕು?"

"ಅಕಿ ಫೋನ್ ಹಚ್ಚಿದಾಗರ ಹೇಳಬಹುದಿತ್ತಲ್ಲ. ಮೋಟಾರ್ ಉಳೀತಿತ್ತು."

"ಅಂಜಿದೆ," ಎಂದ ಕಲ್ಮೇಶ. ಅವನ ಕೈ ತಂತಿ ಸುತ್ತುವುದನ್ನು ನಿಲ್ಲಿಸಿತ್ತು.

"ಅಕಿ ಕೈಲೆ ರೊಟ್ಟಿ ಉಂಡು ಅಕಿಗೇ ಮೋಸ ಮಾಡಿದಿ. ನನಗೂ ಮಾಡಿದಿ."

ಕಲ್ಮೇಶ ಈಗ ತಲೆಯೆತ್ತಿದ. "ರಿಪೋರ್ಟಿನ ಐದನೇ ಚಾಪ್ಟರ್ ಯಾರು ಬರದಾರ?"

ಐದನೇ ಅಧ್ಯಾಯವೆಂದರೆ ಪರೀಕ್ಷೆಯ ಫಲಿತಾಂಶ. ಪೆಟ್ಟಿಗೆಯನ್ನು ಟಾಕಿಯ ಮೇಲೆ ಹದಿನೈದು ದಿನ, ದಿನಕ್ಕೆ ಮೂರು ಸಲ ಪರೀಕ್ಷಿಸಿ ರೀಡಿಂಗ್ ಬರೆಯಬೇಕಿತ್ತು. ಅವರು ಪರೀಕ್ಷಿಸಿದ್ದು ಲ್ಯಾಬಿನಲ್ಲಿ ಎರಡು ದಿನ, ಅದೂ ಬಕೆಟ್ಟಿನ ನೀರಿಗೆ. ರಿಪೋರ್ಟು ಕೊಡುವ ತಾರೀಖು ಹತ್ತಿರ ಬಂದಾಗ ಅಲ್ಮಾಸ ಹಾಸ್ಟೆಲಿನ ಮಂಚದ ಮೇಲೆ ಕೂತು ನಲವತ್ತೈದು ರೀಡಿಂಗನ್ನೂ ಮನಸ್ಸಿನಿಂದಲೇ ತುಂಬಿದ್ದಳು. ಖರೇ ಕಾಣಲಿ ಎಂದು ನಡುನಡುವೆ ಒಂದೆರಡು ಸೆಂಟಿಮೀಟರು ಹೆಚ್ಚು ಕಡಿಮೆ ಮಾಡಿದ್ದಳು. ಸೀನಿಯರುಗಳ ರಿಪೋರ್ಟುಗಳೂ ಹಾಗೇ ಆದವು. ಅದಕ್ಕೆ ಮೋಸ ಎಂಬ ಹೆಸರಿದೆಯೆಂದು ಅವಳಿಗೆ ಅವತ್ತು ಅನ್ನಿಸಿಯೇ ಇರಲಿಲ್ಲ.

"ನಾ ಒಂದ ಸಲ ಸುಳ್ಳ ಫೋನ್ ಮಾಡಿದೆ," ಎಂದ ಕಲ್ಮೇಶ. "ನೀ ನಲವತ್ತೈದ ಸಲ ಬರದಿ. ನೀ ಖರೇನೇ ಹದಿನೈದು ದಿನ ಏರಿ ನೋಡಿದ್ರ ಸೆನ್ಸರ್ ಕೆಟ್ಟದ್ದು ಮೊದಲೇ ತಿಳೀತಿತ್ತು."

ಬೈಯಲು ಬಂದಿದ್ದ ಅಲ್ಮಾಸ ನಾಳೆ ಸಭೆಗೆ ಬಾ ಎಂದಷ್ಟೇ ಹೇಳಿ, ಸಿಮ್ಮು ತೆಗೆದುಕೊಂಡು ಬಂದಳು. ಬಸ್ ಸ್ಟ್ಯಾಂಡಿನಲ್ಲೇ ನಿಂತು ಸಂಜೀವಕುಮಾರ ಸರ್‌ಗೆ ಫೋನು ಮಾಡಿದಳು. ಅವರು ಪೂರ್ತಿ ಕೇಳಿಸಿಕೊಂಡರು.

"ನನ್ನ ಕೈಕೆಳಗ ಹನ್ನೊಂದು ಬ್ಯಾಚ್ ಅದಾವವಾ," ಎಂದರು. "ಎಲ್ಲಾರ ಟಾಕಿ ನಾ ಏರಿ ನೋಡಾಕಾಗತೈತೇನು? ನೀ ಬರದ ಟೇಬಲ್ ನಂಬಿ ಸಹಿ ಹಾಕೇನಿ. ನಾನೂ ಮೋಸ ಹೋದಂಗ ಆತಲ್ಲ." ಆಮೇಲೆ ದನಿ ಇಳಿಸಿದರು. "ಶುಕ್ರವಾರ ಮುಗಿಯೂತನಾ ಸುಮ್ನಿರು. ಈಗ ಬಾಯಿ ಬಿಟ್ರ ಪ್ರಾಜೆಕ್ಟ್ ರದ್ದಾಗತೈತಿ, ಇನ್ನೊಮ್ಮೆ ಮಾಡಬೇಕಾಗತೈತಿ. ನಿನ್ನ ನೌಕರಿ ಹೋಗತೈತಿ. ಒಂದು ಮೋಟಾರ್ ಸಲುವಾಗಿ ಇಷ್ಟೆಲ್ಲಾ ಯಾಕ?"

ಅವರು ಕೆಟ್ಟವರಲ್ಲ. ಅವಳ ಒಳ್ಳೆಯದಕ್ಕೇ ಹೇಳಿದ್ದರು. ಅದೇ ಅವಳನ್ನು ಹೆಚ್ಚು ಹೆದರಿಸಿತು.

ಸೋಮವಾರ ಪಂಚಾಯಿತಿ ಕಟ್ಟೆಯ ತುಂಬ ಜನ. ಅಧ್ಯಕ್ಷ ಬಸಂತರಾಯ ಸಿಟ್ಟಿನ ಮನುಷ್ಯನಲ್ಲ, ಮೆಲ್ಲಗೇ ಕೇಳಿದ. "ಯಂತ್ರ ನಮ್ಮ ಕಣ್ಣ ಮುಂದ ಫೋನ್ ಮಾಡೈತಿ ದಾವಲಬಿ. ಒಂದ ದಿನಕ್ಕ ಅದು ಕೆಟ್ಟಿತಂದ್ರ ಯಾರು ನಂಬ್ತಾರ? ನಿದ್ದಿಗೆ ಕಣ್ಣ ಹತ್ತಿತ್ತು ಅಂತ ಒಪ್ಪಿಕೋ. ವಯಸ್ಸಾಗೈತಿ, ಯಾರೂ ಏನೂ ಅನ್ನೂದಿಲ್ಲ. ಕೆಲಸ ಬ್ಯಾರೆಯವರಿಗೆ ಕೊಡೂಣ."

"ಕಣ್ಣ ಹತ್ತಿದ್ದಿಲ್ರಿ," ಎಂದಳು ದಾವಲಬಿ. "ಫೋನ್ ಬರಲಿಲ್ರಿ."

ಹಿಂದೆ ಯಾರೋ ನಕ್ಕರು. ಅವಳು ಮತ್ತೊಂದು ಮಾತು ಆಡಬಹುದಿತ್ತು. ರಾಂಗ್ ನಂಬರ್ ಎಂದ ಹುಡುಗನ ಸುದ್ದಿ ಹೇಳಿದ್ದರೆ ಸಾಕಿತ್ತು. ಅವಳು ನೆಲ ನೋಡುತ್ತ ನಿಂತುಬಿಟ್ಟಳು. ಹನ್ನೊಂದು ವರ್ಷ ಕಾಯ್ದುಕೊಂಡ ಹೆಸರನ್ನು ಖಾಲಾ ತನ್ನ ಓದಿನ ಸಲುವಾಗಿ ಅಲ್ಲೇ ಕೈಬಿಡುತ್ತಿದ್ದಾಳೆ ಎಂದು ಅಲ್ಮಾಸಳಿಗೆ ಅರ್ಥವಾಯಿತು. ದಾರಿಯ ಕಡೆ ನೋಡಿದಳು. ಕಲ್ಮೇಶ ಬಂದಿರಲಿಲ್ಲ.

ಅವಳು ಎದ್ದು ರಿಪೋರ್ಟನ್ನು ಅಧ್ಯಕ್ಷನ ಮುಂದಿಟ್ಟು ಐದನೇ ಅಧ್ಯಾಯ ತೆರೆದಳು.

"ಯಂತ್ರ ಯಾವತ್ತೂ ಫೋನ್ ಮಾಡಿಲ್ರಿ. ಅವತ್ತ ಮಾಡಿದಾಂವ ನಮ್ಮ ಜೋಡಿಯವ, ಮ್ಯಾಲೆ ಕುಂತು. ಅದು ನನಗ ಮೊನ್ನೆ ತಿಳೀತು." ಇಲ್ಲಿಗೆ ನಿಲ್ಲಿಸಿದ್ದರೂ ದಾವಲಬಿಯ ಕೆಲಸ ಉಳಿಯುತ್ತಿತ್ತು. ಅಲ್ಮಾಸ ಮುಂದುವರಿದಳು. "ಆದ್ರ ಇಲ್ಲಿ ನಲವತ್ತೈದು ರೀಡಿಂಗ್ ಅದಾವ ನೋಡ್ರಿ. ಇವನ್ನ ಬರದಾಕಿ ನಾನು. ಒಂದೂ ಖರೇ ಅಲ್ರಿ. ಒಮ್ಮೆನೂ ಟಾಕಿ ಏರಿ ನೋಡದ, ಖಾಲಾಗ ಏರಬ್ಯಾಡ ಅಂದಾಕಿನೂ ನಾನ."

ಸಭೆಯಲ್ಲಿ ನಗು ನಿಂತಿತು. ಬಸಂತರಾಯ ಹಾಳೆಯ ಮೇಲಿನ ಅಂಕಿಗಳನ್ನು ಬೆರಳಿಟ್ಟು ನೋಡಿದ. ಅವನಿಗೆ ಅವು ಎಷ್ಟು ತಿಳಿದವೋ ಗೊತ್ತಿಲ್ಲ. ಕೀಲಿಕೈ ತರಿಸಿ ದಾವಲಬಿಗೆ ಕೊಟ್ಟ.

ಶುಕ್ರವಾರದ ವೈವಾಕ್ಕೆ ಅವಳು ಆ ಅಧ್ಯಾಯ ಕಿತ್ತುಹಾಕಿದ ರಿಪೋರ್ಟನ್ನೇ ಒಯ್ದು ನಡೆದದ್ದನ್ನು ಹೇಳಿದಳು. ಪ್ರಾಜೆಕ್ಟು ರದ್ದಾಯಿತು, ಇನ್ನೊಮ್ಮೆ ಮಾಡಿ ತೋರಿಸಲು ಆರು ತಿಂಗಳ ಗಡುವು ಸಿಕ್ಕಿತು. ಕೆಲಸದ ಪತ್ರ ಕಳಿಸಿದ್ದವರು ಜುಲೈ ದಾಟಿದರೆ ಕಾಯುವುದಿಲ್ಲ ಎಂದರು. ಮರುದಿನ ಅವಳು ಹುಣಸಿಬಾವಿಗೆ ಬಂದಳು.

ಅದರ ಮರುದಿನ ಬೆಳಗಿನ ಆರಕ್ಕೆ, ರಿಪೇರಿಯಾಗಿ ಬಂದಿದ್ದ ಮೋಟಾರು ಚಾಲೂ ಆಯಿತು. ಏಳಕ್ಕೆ ದಾವಲಬಿ ಸೆರಗು ಕಟ್ಟಿಕೊಂಡು ದಿನ್ನೆಯತ್ತ ನಡೆದಳು. ಅಲ್ಮಾಸ ಹಿಂದೆಯೇ ಬಂದು ಏಣಿಯ ಬುಡದಲ್ಲಿ ಅವಳನ್ನು ತಡೆದಳು.

"ನೀ ಕುಂಡ್ರು ಖಾಲಾ. ಆರು ತಿಂಗಳ ನಾನ ಏರ್ತೇನಿ. ತುಂಬಿದ ಕೂಡಲೇ ಮ್ಯಾಲಿಂದ ಹೇಳ್ತೇನಿ."

ದಾವಲಬಿ ಅವಳ ಕೆನ್ನೆ ಸವರಿದಳು. ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ.

"ಸಭಾದಾಗ ನನ್ನ ಮಾನಾ ಉಳಿಸಿದಿ, ಅದನ್ನ ಮರೆಯಾಕಿ ಅಲ್ಲ ನಾ. ಆದ್ರ ಮ್ಯಾಲೆ ನಿಂತು ನೀ ತುಂಬೈತಿ ಅಂದ್ರ ಕೆಳಗ ನಿಂತು ನಾ ನಂಬಬೇಕಲ್ಲವಾ. ಅದು ಇನ್ನೂ ಆಗವಲ್ದು."

ಅವಳು ಎರಡೂ ಕೈಯಿಂದ ಏಣಿ ಹಿಡಿದು ಮೊದಲ ಮೆಟ್ಟಿಲಿಗೆ ಕಾಲಿಟ್ಟಳು. ಅಲ್ಮಾಸ, ಖಾಲಾ ಜಾರಿದರೆ ಹಿಡಿಯುವಷ್ಟು ಹತ್ತಿರದಲ್ಲಿ, ಒಂದು ಮೆಟ್ಟಿಲು ಕೆಳಗೆ ಏರತೊಡಗಿದಳು.