ನಾಲಿಗೆಯ ಕೆಳಗಿನ ಮಾತ್ರೆ

"ನಾಲಿಗೆ ಎತ್ತೋ ನಾಯಿ. ಇನ್ನೂ ಮೇಲಕ್ಕೆ."

ಸೂಪರ್‌ವೈಸರ್ ನನ್ನ ತಮ್ಮನ ಬಾಯಿಗೆ ಎರಡು ಬೆರಳು ತುರುಕಿ, ಅರ್ಧ ಕರಗಿದ ಬಿಳಿ ಮಾತ್ರೆಯೊಂದನ್ನು ಹೊರಗೆಳೆದ. ತನಿಖೆಗೆ ಬಂದಿದ್ದ ಆಸ್ಪತ್ರೆಯ ಅಧಿಕಾರಿ ಮೂಗಿಗೆ ಕರವಸ್ತ್ರ ಹಿಡಿದು ನೋಡುತ್ತಿದ್ದರು. ಅವರ ಆಸ್ಪತ್ರೆಯ ಹಾಸಿಗೆ ಬಟ್ಟೆಗಳನ್ನೇ ನಾವು ಒಗೆದು ಇಸ್ತ್ರಿ ಮಾಡುವುದು. ಇಲ್ಲಿಯವರು ನಶೆ ಮಾಡುತ್ತಾರೆಂದು ಯಾರೋ ದೂರು ಕೊಟ್ಟಿದ್ದರಂತೆ. ಯಾರು ಕೊಟ್ಟರೋ, ನಾವಂತೂ ಒಬ್ಬರ ಮುಖ ಒಬ್ಬರು ನೋಡುವುದನ್ನೇ ಬಿಟ್ಟಿದ್ದೆವು.

ಇಸ್ತ್ರಿ ಯಂತ್ರಕ್ಕೆ ಬಟ್ಟೆ ಕೊಡಲು ಇಬ್ಬರು ಬೇಕು. ಒಂದು ತುದಿ ನನ್ನ ಕೈಯಲ್ಲಿ, ಇನ್ನೊಂದು ತಮ್ಮನ ಕೈಯಲ್ಲಿ. ಕಾದ ಉರುಳೆ ಬಟ್ಟೆಯನ್ನು ಒಳಗೆಳೆಯುವಾಗ ಒಬ್ಬರ ಕೈ ತಡವಾದರೂ ಸುಕ್ಕು ಬೀಳುತ್ತದೆ, ತಲೆಯ ಮೇಲೆ ತಪ್ಪು ತೋರಿಸುವ ಕೆಂಪು ದೀಪ ಹತ್ತುತ್ತದೆ. ಅದರ ಗುಂಡಿ ಇರುವುದು ಗಾಜಿನ ಕೋಣೆಯಲ್ಲಿ ಕೂತ ಸೂಪರ್‌ವೈಸರ್ ಹತ್ತಿರ. ಸುಕ್ಕು ಬೀಳದಿದ್ದರೂ ಎಷ್ಟೋ ಸಲ ಹತ್ತಿಸುತ್ತಿದ್ದ, ಪಾಪಿ. ವರ್ಷಗಟ್ಟಲೆ ಹೀಗೆ ದುಡಿದ ತಮ್ಮ ಮನೆಯಲ್ಲಿ ಬಾಗಿಲು ಬಡಿದರೂ ಬೆಚ್ಚಿಬೀಳುತ್ತಿದ್ದ, ಊಟಕ್ಕೆ ಕೂತಾಗಲೂ ತಲೆಯೆತ್ತಿ ಮೇಲೆ ನೋಡುತ್ತಿದ್ದ.

ಕೆಲಸ ಹೆಚ್ಚಾದಾಗ ಮೈಕೈ ನೋವು ಗೊತ್ತಾಗದಿರಲಿ ಎಂದು ಮಾತ್ರೆ ಹಂಚಿದವನೂ ಇದೇ ಸೂಪರ್‌ವೈಸರ್. ಬೆನ್ನುನೋವಿಗೆ ತಾನೂ ನುಂಗಿದ, ನೋವು ಹೋದ ಮೇಲೆ ಬಿಟ್ಟ. ತಮ್ಮನಿಗೆ ಬಿಡಲಾಗಲಿಲ್ಲ.

ಅವನನ್ನು ಒಬ್ಬ ಡಾಕ್ಟರಮ್ಮನ ಹತ್ತಿರ ಕರೆದೊಯ್ದೆ. ದಿನಾ ಹೆದರಿ ಬದುಕುವವರ ಮೆದುಳೇ ಬದಲಾಗುತ್ತದೆ, ನೆಮ್ಮದಿ ಕೊಟ್ಟಿದ್ದನ್ನು ಅದು ಬೇಗ ಕಚ್ಚಿ ಹಿಡಿಯುತ್ತದೆ, ಬೈದು ಬಿಡಿಸಲಾಗುವುದಿಲ್ಲ ಎಂದರು. ಕೆಲಸದಲ್ಲಿ ಯಾರಿಗೆ ಹೆದರುತ್ತಾನೆ ಎಂದು ಕೇಳಿದಾಗ ನನಗೆ ಅನುಮಾನ ಬಂತು. ಕೇಳಿಕೊಂಡು ಯಾರ ಕಿವಿಗೆ ಮುಟ್ಟಿಸುತ್ತಾರೋ? ಯಾರಿಗೂ ಇಲ್ಲ ಎಂದುಬಿಟ್ಟೆ.

ಈಗ ಸೂಪರ್‌ವೈಸರ್ ಮಾತ್ರೆ ತೆಗೆದ ಬೆರಳನ್ನು ತಮ್ಮನ ಅಂಗಿಗೆ ಒರೆಸಿದ. "ನಮಗೂ ನೋವಿರಲ್ವಾ ಸಾರ್? ನಾವು ಹಿಂಗೆ ಮಾಡ್ತೀವಾ? ಈ ಸೂಳೆಮಕ್ಕಳ ರಕ್ತದಲ್ಲೇ ಇದೆ." ಆಮೇಲೆ ನನ್ನ ಕಡೆ ತಿರುಗಿದ. "ಏನೇ, ನಿನ್ನ ತಮ್ಮ ಹೊರಗಿಂದ ತರ್ತಾನೆ ಅಂತ ಸಾಹೇಬ್ರಿಗೆ ಹೇಳು. ಅವನು ಹೋಗ್ಲಿ, ನೀನು ಉಳ್ಕೋ."

ತಮ್ಮ ನನ್ನನ್ನೇ ನೋಡುತ್ತಿದ್ದ. ನಾನು ಹೇಳಿಬಿಡುತ್ತೇನೆಂಬ ಅನುಮಾನ ಅವನಿಗೂ ಇತ್ತು. ನಾನು ಅಧಿಕಾರಿಯ ಕಡೆ ತಿರುಗಿದೆ.

"ಗೇಟಲ್ಲಿ ನಮ್ಮ ಚಪ್ಪಲಿನೂ ಬಿಚ್ಚಿಸಿ ನೋಡ್ತಾರೆ ಸಾಹೇಬ್ರೆ," ಎಂದೆ. "ಇವನೊಬ್ಬನ ಜೇಬು ಮಾತ್ರ ಯಾರೂ ಮುಟ್ಟಲ್ಲ."

ಹೇಳುತ್ತಲೇ ಸೂಪರ್‌ವೈಸರ್‌ನ ಅಂಗಿ ಜೇಬಿಗೆ ಕೈ ಹಾಕಿ ಎಳೆದೆ. ಹೊಲಿಗೆ ಕಿತ್ತುಬಂತು. ಅದೇ ಬಿಳಿ ಮಾತ್ರೆಗಳು ನೆಲದ ತುಂಬ ಚೆಲ್ಲಿದವು.

ಅಧಿಕಾರಿ ಏನಾದರೂ ಅನ್ನಲಿ ಎಂದು ಕಾದೆ. ಅವರು ಸೂಪರ್‌ವೈಸರ್ ಮುಖ ನೋಡಿದರು, ಇವನು ಅವರ ಮುಖ ನೋಡಿದ. ಅವರಿಗೆ ಮೊದಲೇ ಗೊತ್ತಿತ್ತೋ ಏನೋ. ಅಷ್ಟರಲ್ಲಿ ತಮ್ಮ ಮೊಣಕಾಲೂರಿ ಮಾತ್ರೆ ಆಯತೊಡಗಿದ್ದ. ಪಕ್ಕದ ಯಂತ್ರದ ಹೆಂಗಸೂ ಹಿಡಿದ ಬಟ್ಟೆ ಬಿಟ್ಟು ಬಗ್ಗಿದಳು.

ಒಂದು ಮಾತ್ರೆ ನನ್ನ ಕಾಲ ಬಳಿಗೆ ಉರುಳಿಬಂತು. ಅದನ್ನು ತುಳಿದು ನಿಂತೆ.

"ಅಕ್ಕ, ಕಾಲು ತೆಗಿ."

"ತೆಗೆಯಲ್ಲ ಕಣೋ."

ಅವನ ಉಗುರು ನನ್ನ ಹಿಮ್ಮಡಿಗೆ ನಾಟಿತು, ರಕ್ತ ಬಂತು. ನಾನು ಕಾಲೆತ್ತಲಿಲ್ಲ.