ಕೈಯಿಂದ ಕೈಗೆ

ಡ್ರಾವರಿನ ಚಾಕುಗಳನ್ನೆಲ್ಲ ಹೊರಗೆ ಹರವಿಕೊಂಡು ಹೆಲೆನ್ ಎಲ್ಲಕ್ಕಿಂತ ಚಿಕ್ಕದನ್ನು ಹುಡುಕುತ್ತಿದ್ದಳು. ಹೊರಗೆ, ಎರಡು ಮನೆಗಳ ಅಂಗಳಗಳ ನಡುವಿನ ಮೋಟುಗೋಡೆಯಾಚೆ, ಪಕ್ಕದ ಮನೆಯ ಇಸೋಕೆನ್ ಕಪ್ಪು ಉಡುಪಿನಲ್ಲಿ ಕಾಯುತ್ತಿದ್ದಳು. ಗಂಡನ ಶವಪೆಟ್ಟಿಗೆಯ ಮೇಲಿಡುವ ಹೂವಿನ ದಾರ ಕತ್ತರಿಸಲು ಅವಳಿಗೊಂದು ಚಾಕು ಬೇಕಿತ್ತು. ಅವಳ ಅಡುಗೆಮನೆಯ ಚಾಕುಗಳನ್ನೆಲ್ಲ, ಬೆಣ್ಣೆ ಸವರುವುದನ್ನೂ ಬಿಡದೆ, ಪೊಲೀಸರು ಚೀಲಕ್ಕೆ ತುಂಬಿ ಒಯ್ದಿದ್ದರು.

"ಬೇಗ ಕೊಟ್ಟು ಬಾ, ಹತ್ತೂವರೆಗೆ ಚರ್ಚಲ್ಲಿರ್ಬೇಕು," ಎಂದ ಗಂಡ ಫೆಲಿಕ್ಸ್, ಟೈ ಬಿಗಿಯುತ್ತ.

ಹೆಲೆನ್ ಚಾಕುವನ್ನು ಗೋಡೆಯ ಮೇಲಿಟ್ಟು ಹಿಂದೆ ಸರಿದಳು. ಇಸೋಕೆನ್ ಎತ್ತಿಕೊಂಡಳು. ಚಾಕು, ಕತ್ತಿ ಯಾವುದನ್ನೂ ಕೈಯಿಂದ ಕೈಗೆ ಕೊಡಬಾರದು, ಕೊಟ್ಟರೆ ಜಗಳವಾಗುತ್ತದೆ ಎಂಬುದು ಫೆಲಿಕ್ಸನ ಕುಂದಾಪುರದ ಮನೆಯ ನಂಬಿಕೆ. ಕೊರೊನಾ ಬಂದ ಮೇಲೆ, ಅವರು ವಲಸೆ ಬಂದು ನೆಲೆಸಿದ್ದ ಸ್ವೋರ್ಡ್ಸ್ ಎಂಬ ಪರದೇಶದ ಊರಿನಲ್ಲಿ ಯಾರೂ ಯಾವುದನ್ನೂ ಕೈಯಿಂದ ಕೈಗೆ ಕೊಡುತ್ತಿರಲಿಲ್ಲ. ಹಾಗಂತ ಜಗಳಕ್ಕೇನೂ ಬರ ಬಂದಿರಲಿಲ್ಲ.

"ಈ ಬೀದಿಯಿಂದ ನೀವು ಮಾತ್ರ ಬರುತ್ತಿರುವುದು," ಎಂದಳು ಇಸೋಕೆನ್. "ಹತ್ತೇ ಜನಕ್ಕೆ ಅನುಮತಿ. ಆ ಹತ್ತನ್ನು ತುಂಬಿಸುವುದೂ ಕಷ್ಟವಾಯಿತು."

*

ಅವಳ ಗಂಡ ಒಸಾಸ್ ಹನ್ನೆರಡು ವರ್ಷ ವಿಮಾನ ನಿಲ್ದಾಣದಲ್ಲಿ ಜನರ ಸೂಟ್‌ಕೇಸ್ ಹೊತ್ತವನು. ಯಾರ ಮನೆಗೆ ನೆಂಟರು ಬಂದರೂ, "ಆ ಚೀಲ ಹೊತ್ತವನು ನಾನೇ, ಒಳಗೇನಿದೆ ಹೇಳಲೇ?" ಎಂದು ಹೆದರಿಸುತ್ತಿದ್ದ. ವಿಮಾನಗಳು ನಿಂತಾಗ ಅವನ ಕೆಲಸವೂ ನಿಂತಿತು. ಸುಮ್ಮನೆ ಕೂರಲು ಬಾರದ ಜೀವ, ಬೀದಿಯವರ ಬೇಲಿಗಿಡಗಳನ್ನೆಲ್ಲ ಸವರತೊಡಗಿದ. ಸಕ್ಕರೆ ಕಾಯಿಲೆಯವನಾದ್ದರಿಂದ, ಸಕ್ಕರೆ ಇಳಿದಾಗ ತಿನ್ನಲೆಂದು, ಜೇಬಿನಲ್ಲಿ ಸದಾ ಬಿಸ್ಕತ್ತು ಇರುತ್ತಿತ್ತು. ಅದರಲ್ಲಿ ಅರ್ಧ ಫೆಲಿಕ್ಸನ ಮಗಳು ರೆಶೆಲ್‌ಳ ಹೊಟ್ಟೆ ಸೇರುತ್ತಿತ್ತು.

ಗಿಡ ಸವರಲು ಫೆಲಿಕ್ಸ್ ಊರಿನಿಂದ ತಂದಿದ್ದ ಕತ್ತಿ ಕೊಟ್ಟ. ಮರದ ಹಿಡಿ, ಮೊಳಕ್ಕಿಂತ ಗಿಡ್ಡ, ತುದಿ ಬಾಗಿದ್ದು. ಒಸಾಸ್ ಕೈ ಚಾಚಿದಾಗ ಫೆಲಿಕ್ಸ್ ಅದನ್ನು ಗೋಡೆಯ ಮೇಲಿಟ್ಟ.

"ಕೈಗೆ ಕೊಟ್ಟರೆ ನಾವಿಬ್ಬರೂ ಜಗಳವಾಡುತ್ತೇವೆ."

"ಅಯ್ಯೋ, ನನ್ನ ಹೆಂಡತಿಗೆ ಇಷ್ಟು ವರ್ಷ ಎಷ್ಟು ಚಾಕು ಕೈಗೇ ಕೊಟ್ಟಿದ್ದೇನೋ!" ಎಂದು ಒಸಾಸ್ ಹೊಟ್ಟೆ ಹಿಡಿದು ನಕ್ಕ. ಅಂದಿನಿಂದ ಕತ್ತಿಯನ್ನು ಹಿಂತಿರುಗಿಸುವಾಗಲೆಲ್ಲ ಹಿಡಿಯನ್ನು ಫೆಲಿಕ್ಸನ ಕಡೆ ತಿರುಗಿಸಿ, ಅದೇ ಗೋಡೆಯ ಅದೇ ಕಲ್ಲಿನ ಮೇಲೆ ಇಟ್ಟು, "ಕಟ್ಟಿ" ಎನ್ನುತ್ತಿದ್ದ. ಅಷ್ಟೇ ಅವನಿಗೆ ಬರುತ್ತಿದ್ದ ಕನ್ನಡ.

*

ಜನವರಿಯ ಒಂದು ಮಧ್ಯಾಹ್ನ ಅವನು ತನ್ನ ಅಂಗಳದಲ್ಲಿ ಕತ್ತಿ ಹಿಡಿದು ತೂರಾಡುತ್ತ, ಬೆವರಿ, ಏನೇನೋ ಬಡಬಡಿಸುತ್ತಿದ್ದ. ಸಕ್ಕರೆ ಇಳಿದಿತ್ತು. ಹೆಲೆನ್ ಆಂಬುಲೆನ್ಸ್‌ಗೆ ಫೋನ್ ಮಾಡಿದಳು. ಅವನ ಕೈಯಲ್ಲಿ ಏನಾದರೂ ಇದೆಯೇ ಎಂದು ಫೋನಿನ ಆಚೆಯವನು ಕೇಳಿದ.

"ರೀ, ಕೈಯಲ್ಲೇನಿದೆ ನೋಡಿ!"

"ಕತ್ತಿ ಉಂಟು, ನಮ್ದೇ," ಎಂದ ಕಿಟಕಿಯ ಬಳಿಯಿದ್ದ ಫೆಲಿಕ್ಸ್.

ಹೆಲೆನ್ ಬೆಂಗಳೂರಿನವಳು. ಅವಳ ಶಾಲೆಯ ಪುಸ್ತಕದಲ್ಲಿ ಕತ್ತಿ ಎಂದರೆ ರಾಜರ ಸೊಂಟದಲ್ಲಿರುವುದು. ಗಡಿಬಿಡಿಯಲ್ಲಿ ಬೇರೆ ಪದ ಸಿಗಲಿಲ್ಲ. "ಸ್ವೋರ್ಡ್," ಎಂದಳು. ಊರಿನ ಹೆಸರೂ ಅದೇ ಆದ್ದರಿಂದ ಆಚೆಯವನು ಮತ್ತೆ ಮತ್ತೆ ಕೇಳಿದ. ಅವಳು ಹೌದು ಹೌದು ಎಂದಳು.

ಈ ದೇಶದಲ್ಲಿ ಸಾಮಾನ್ಯ ಪೊಲೀಸರು ಬಂದೂಕು ಒಯ್ಯುವುದಿಲ್ಲ. ಖಡ್ಗ ಎಂದರೆ, ಅದೂ ಕರಿಯನ ಕೈಯಲ್ಲಿ ಎಂದರೆ, ಒಯ್ಯುವವರು ಬರುತ್ತಾರೆ. ಆಂಬುಲೆನ್ಸ್‌ಗಿಂತ ಮೊದಲೇ ಬಂದು, ಫೆಲಿಕ್ಸನ ಅಂಗಳದಲ್ಲಿ, ಗೋಡೆಯ ಈಚೆ ನಿಂತು, "ಕೆಳಗಿಡು!" ಎಂದು ಕಿರುಚಿದರು. ಒಸಾಸ್ ಹೇಳಿದ್ದನ್ನು ಕೇಳಿದ. ಹಿಡಿಯನ್ನು ಅವರ ಕಡೆ ತಿರುಗಿಸಿ, ಗೋಡೆಯತ್ತ ಎರಡು ಹೆಜ್ಜೆ ಬಂದು, ಬಗ್ಗಿದ. ಮೂರು ಗುಂಡು. ಕತ್ತಿ ಇನ್ನೂ ಕಲ್ಲನ್ನು ಮುಟ್ಟಿರಲಿಲ್ಲ.

*

ಸ್ಮಶಾನದ ಗೇಟಿನಾಚೆ ಐವತ್ತು ಅರವತ್ತು ಜನ ದೂರ ದೂರ ನಿಂತಿದ್ದರು. ಹಲಗೆಗಳ ಮೇಲೆ 'ಹೊಡೆದವರ ಹೆಸರೇನು?' ಎಂದು ಬರೆದಿತ್ತು. ಮೂರು ವಾರವಾದರೂ ಹೆಸರು ಹೊರಬಿದ್ದಿರಲಿಲ್ಲ. ತನಿಖೆ ನಡೆಯುತ್ತಿದೆ ಎಂಬುದೊಂದೇ ಉತ್ತರ. ಪೊಲೀಸರು ಮಾತ್ರ ಚುರುಕಾಗಿಯೇ ಬಂದಿದ್ದರು, ಹಲಗೆ ಹಿಡಿದವರು ಲಾಕ್‌ಡೌನ್ ನಿಯಮ ಮುರಿದರೆಂದು ಅವರ ಹೆಸರು ಬರೆದುಕೊಳ್ಳುತ್ತಿದ್ದರು.

ಒಸಾಸ್‌ನ ತಾಯಿ ನೈಜೀರಿಯಾದಿಂದ ಮಗನ ಮಣ್ಣನ್ನು ಫೋನಿನಲ್ಲಿ ನೋಡುತ್ತಿದ್ದಳು. ಪೆಟ್ಟಿಗೆ ಇಳಿಸುವಾಗ ನೆಟ್‌ವರ್ಕ್ ಹೋಯಿತು. ಮತ್ತೆ ಸಿಕ್ಕಾಗ ಗುಂಡಿ ಮುಚ್ಚಿತ್ತು.

"ಖಡ್ಗ ಹಿಡಿದು ಪೊಲೀಸರ ಮೇಲೆ ನುಗ್ಗಿದನಂತೆ," ಎಂದಳು ಇಸೋಕೆನ್. ಮಾಸ್ಕ್ ಒದ್ದೆಯಾಗಿ ಮುಖಕ್ಕೆ ಅಂಟಿತ್ತು. "ನಾನು ಕೆಲಸಕ್ಕೆ ಹೋಗಿದ್ದೆ. ನೋಡಿದವರು ಒಬ್ಬರಾದರೂ ಬೇಕು. ಅವರತ್ತ ಎರಡು ಹೆಜ್ಜೆ ಯಾಕೆ ಬಂದ ಅವನು? ಅದೊಂದು ಗೊತ್ತಾಗಬೇಕು ನನಗೆ."

ಹೆಲೆನ್ ಗಂಡನತ್ತ ತಿರುಗಿದಳು. "ಹೇಳ್ಬಿಡೋಣ ರೀ," ಎಂದಳು ಕನ್ನಡದಲ್ಲಿ.

"ಸುಮ್ನಿರು. ಸಿಟಿಜನ್‌ಶಿಪ್ ಲೆಟರ್ ಬರ್ಲಿ. ಫೈಲು ಪೊಲೀಸ್ ವೆರಿಫಿಕೇಶನ್‌ನಲ್ಲುಂಟು."

"ತನಿಖೆಯವ್ರು ಸ್ವೋರ್ಡ್ ಅಂದ್ರಾ ಅಂತ ಕೇಳಿದ್ರು, ಹೌದು ಅಂದೆ. ಗಿಡ ಸವರೋ ಕತ್ತಿ ಅದು ಅಂತ ಹೇಳ್ಲೇ ಇಲ್ಲ ನಾನು."

"ಕೇಳಿದ್ದಕ್ಕೆ ನೀನು ಉತ್ತರ ಕೊಟ್ಟೆ. ನಾನು ಹಿತ್ತಲಲ್ಲಿದ್ದೆ, ಏನೂ ನೋಡಿಲ್ಲ ಅಂದಿದ್ದೇನೆ. ಮುಗೀತು."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವವನು ಫೆಲಿಕ್ಸ್. ಇಲ್ಲಿ ಸತ್ತದ್ದು ಮನುಷ್ಯ.

"ಏನು ಹೇಳುತ್ತಿದ್ದಾರೆ?" ಎಂದು ಇಸೋಕೆನ್ ರೆಶೆಲ್‌ಳನ್ನು ಕೇಳಿದಳು. ಹದಿನಾರರ ಹುಡುಗಿ ಕನ್ನಡ ಆಡುತ್ತಿರಲಿಲ್ಲ, ಆದರೆ ಎಲ್ಲ ಅರ್ಥವಾಗುತ್ತಿತ್ತು. ಅವಳು ಅಪ್ಪನ ಮುಖ ನೋಡಿದಳು.

"ಜಸ್ಟ್ ಪ್ರೇಯಿಂಗ್," ಎಂದಳು.

*

ಮನೆಗೆ ಬಂದು ಫೆಲಿಕ್ಸ್ ಕಾರಿನ ಬಾಗಿಲು ಹಾಕುತ್ತಿದ್ದಾಗ ಇಸೋಕೆನ್ ತನ್ನ ಬಾಗಿಲಿನಿಂದ ಹೊರಬಂದಳು. ಚಾಕುವನ್ನು ತೊಳೆದು ಒರೆಸಿ ತಂದಿದ್ದಳು.

"ಮರೆಯುವ ಮೊದಲು ಕೊಟ್ಟುಬಿಡುತ್ತೇನೆ. ಕೈಯಿಂದ ಕೈಗೆ ಕೊಡಬಾರದು, ಅಲ್ಲವೇ? ಒಸಾಸ್ ನನ್ನನ್ನು ಇದೇ ಮಾತಿಗೆ ದಿನಾ ಗೋಳುಹೊಯ್ದುಕೊಳ್ಳುತ್ತಿದ್ದ." ಆ ದಿನ ಮೊದಲ ಬಾರಿ ಅವಳ ಕಣ್ಣಿನಲ್ಲಿ ನಗೆ ಕಂಡಿತು.

ಅಲಗನ್ನು ತನ್ನ ಅಂಗೈಯಲ್ಲಿ ಹಿಡಿದು, ಹಿಡಿಯನ್ನು ಫೆಲಿಕ್ಸನ ಕಡೆ ತಿರುಗಿಸಿ, ಗೋಡೆಯತ್ತ ಎರಡು ಹೆಜ್ಜೆ ಬಂದು, ಬಗ್ಗಿದಳು.

ಬಗ್ಗಿದವಳು ಹಾಗೇ ನಿಂತಳು. ತನ್ನ ಕೈ ನೋಡಿಕೊಂಡಳು. ತನ್ನ ಕಾಲು ನೋಡಿಕೊಂಡಳು. ಆಮೇಲೆ ಗೋಡೆಯ ಈಚೆಯ ಅಂಗಳ ನೋಡಿದಳು.

"ಫೆಲಿಕ್ಸ್," ಎಂದಳು. "ಅವನು ಅವತ್ತು..."

"ಕೈಗೇ ಕೊಡಿ, ಕೈಗೇ ಕೊಡಿ!" ಫೆಲಿಕ್ಸ್ ಗೋಡೆಯಾಚೆ ಬಾಗಿ ಹಿಡಿಯನ್ನು ಹಿಡಿದು ಎಳೆದುಕೊಂಡ. "ಅದೆಲ್ಲ ಹಳೆಯ ಕಾಲದ ಮೂಢನಂಬಿಕೆ. ಯಾರೂ ಪಾಲಿಸುವುದಿಲ್ಲ. ಎಲ್ಲ ಸರಿ, ಗ್ರ್ಯಾಂಡ್, ಗ್ರ್ಯಾಂಡ್."

ಅಲಗು ಅವಳ ಅಂಗೈಯನ್ನು ಉದ್ದಕ್ಕೂ ಸೀಳಿಕೊಂಡು ಬಂತು. ಇಸೋಕೆನ್ ಚಾಕು ಇಡಬೇಕಾಗಿದ್ದ ಕಲ್ಲಿನ ಮೇಲೆ ಆ ಕೈಯನ್ನು ಊರಿ, ಅವನನ್ನೇ ನೋಡುತ್ತ ನಿಂತಳು.